ಪಿಕಪ್ಪಿನ ತಗ್ಗಿದ ಮುಂಭಾಗವನ್ನು ಅಡ್ಜಸ್ಟಬಲ್ ಶಾಕ್‌ಗಳಿಂದ ಸಮ ಮಾಡುವುದು: ಅಳತೆಯಿಂದ ಅಲೈನ್‌ಮೆಂಟ್‌ವರೆಗೆ

ಖಾಲಿ ನಿಂತ ಪಿಕಪ್ಪಿನ ಮುಂಭಾಗವು ಹಿಂಭಾಗಕ್ಕಿಂತ ತಗ್ಗಾಗಿರುವುದು ತಯಾರಕರು ಉದ್ದೇಶಪೂರ್ವಕವಾಗಿ ಇಟ್ಟ ವ್ಯತ್ಯಾಸ. ಹಿಂದಿನ ತೊಟ್ಟಿಗೆ ಭಾರ ಬಿದ್ದಾಗ ಲೀಫ್ ಸ್ಪ್ರಿಂಗ್ ಕುಗ್ಗಿ ವಾಹನ ಸಮಮಟ್ಟಕ್ಕೆ ಬರಲಿ ಎಂಬುದು ಅದರ ಲೆಕ್ಕ. ದಾವಣಗೆರೆ ಮತ್ತು ಚಿತ್ರದುರ್ಗದ ಕಡೆ ಈ ವ್ಯತ್ಯಾಸವನ್ನು ತೆಗೆಸಲು ಹೊರಟವರಲ್ಲಿ ಹಲವರು ಶಾಕ್‌ಗಳನ್ನು ಸರಿಯಾಗಿಯೇ ಕೂರಿಸಿಕೊಂಡು, ಒಂದೆರಡು ತಿಂಗಳಲ್ಲಿ ಟೈರು ಸವೆಸಿಕೊಂಡು ಅಥವಾ ಆಕ್ಸಲ್ ಬೂಟು (ಆಕ್ಸಲಿನ ಜಾಯಿಂಟನ್ನು ಮುಚ್ಚುವ ರಬ್ಬರ್ ಹೊದಿಕೆ) ಹರಿದುಕೊಂಡು ಮರಳಿ ಬರುತ್ತಾರೆ. ಅವರ ತಪ್ಪು ಬಹುತೇಕ ಸ್ಪ್ಯಾನರ್ ಹಿಡಿಯುವುದಕ್ಕೂ ಮುಂಚೆಯೇ, ಎಷ್ಟು ಎತ್ತರಿಸಬೇಕೆಂಬ ಲೆಕ್ಕದಲ್ಲಿ ಆಗಿರುತ್ತದೆ. ಆದ್ದರಿಂದ ಬಿಚ್ಚಿ ಕಟ್ಟುವ ಕೆಲಸಕ್ಕಿಂತ ಅಳತೆ ಮತ್ತು ತೀರ್ಮಾನಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಯಾವ ವಾಹನಕ್ಕೆ, ಯಾವ ಶಾಕ್

ಮುಂಭಾಗದಲ್ಲಿ ಶಾಕ್ ಮತ್ತು ಕಾಯಿಲ್ ಸ್ಪ್ರಿಂಗ್ ಒಂದೇ ಜೋಡಣೆಯಾಗಿರುವ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ಟೊಯೋಟಾ ಹೈಲಕ್ಸ್‌ನಂಥ ಪಿಕಪ್‌ಗಳಿಗೆ ಮಾತ್ರ ಈ ಕ್ರಮ ಅನ್ವಯಿಸುತ್ತದೆ. ಮುಂದೆ ಕಾಯಿಲ್ ಸ್ಪ್ರಿಂಗಿನ ಬದಲು ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸಲಾಕೆ) ಇರುವ ವಾಹನದಲ್ಲಿ ಎತ್ತರವನ್ನು ಆ ಬಾರಿನ ಬೋಲ್ಟಿನಿಂದಲೇ ಬದಲಿಸಬೇಕು. ಅಲ್ಲಿ ಶಾಕ್ ಬದಲಿಸಿದರೆ ಎತ್ತರ ಬದಲಾಗುವುದಿಲ್ಲ.

ಅಂಗಡಿಯಲ್ಲಿ ‘ಅಡ್ಜಸ್ಟಬಲ್ ಶಾಕ್’ ಎಂದು ಕೇಳಿದರೆ ಎರಡು ಬೇರೆ ಬೇರೆ ವಸ್ತುಗಳು ಮುಂದೆ ಬರಬಹುದು. ಒಂದರಲ್ಲಿ ಮೇಲ್ಗಡೆ ಅಥವಾ ಬುಡದಲ್ಲಿ ತಿರುಗಿಸುವ ಗುಬ್ಬಿ ಇರುತ್ತದೆ. ಅದು ಶಾಕ್ ಎಷ್ಟು ಬಿಗಿಯಾಗಿ ಅಥವಾ ಮೃದುವಾಗಿ ಕೆಲಸ ಮಾಡಬೇಕೆಂಬುದನ್ನಷ್ಟೇ ಬದಲಿಸುತ್ತದೆ, ಎತ್ತರಕ್ಕೂ ಅದಕ್ಕೂ ಸಂಬಂಧವಿಲ್ಲ. ನಮಗೆ ಬೇಕಾದದ್ದು ಸ್ಪ್ರಿಂಗ್ ಕೂರುವ ತಟ್ಟೆಯನ್ನೇ ಮೇಲೆ ಕೆಳಗೆ ಸರಿಸಬಹುದಾದ ಶಾಕ್. ಇದರಲ್ಲೂ ಎರಡು ವಿಧಗಳಿವೆ: ಬಿಲ್‌ಸ್ಟೈನ್ 5100 ಮಾದರಿಯಂತೆ ಕೊಳವೆಯ ಮೈಮೇಲೆ ಸುತ್ತಲೂ ಕೊರೆದ ಹಲವು ಕಚ್ಚುಗಳಿದ್ದು, ಆರಿಸಿಕೊಂಡ ಕಚ್ಚಿನಲ್ಲಿ ಸರ್ಕ್ಲಿಪ್ (ಉಂಗುರದಂಥ ಉಕ್ಕಿನ ಕ್ಲಿಪ್) ಕೂರಿಸಿ ಅದರ ಮೇಲೆ ತಟ್ಟೆ ಇಡುವುದು ಒಂದು, ಕೊಳವೆಗೆ ತಿರುಪಿನ ಮರೆ (ಥ್ರೆಡ್) ಕೊರೆದು ದೊಡ್ಡ ಉಂಗುರವನ್ನು ತಿರುಗಿಸಿ ಏರಿಸುವುದು ಇನ್ನೊಂದು. ನಮ್ಮ ಮಣ್ಣು, ಧೂಳು, ಕೆಸರಿನ ಬಳಕೆಗೆ ನಾನು ಕಚ್ಚಿನ ವಿಧವನ್ನೇ ಒಪ್ಪುತ್ತೇನೆ, ಏಕೆಂದರೆ ಮರೆಯೊಳಗೆ ಎರೆಮಣ್ಣು ಸೇರಿ ಒಣಗಿತೆಂದರೆ ಆ ಉಂಗುರವನ್ನು ಅಲ್ಲಾಡಿಸುವುದೇ ಒಂದು ದಿನದ ಕೆಲಸವಾಗುತ್ತದೆ.

ಹಣ ಕೊಡುವ ಮೊದಲು ಇನ್ನೊಂದು ವಿಷಯ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೆಎ-17 ಆಗಲಿ ಕೆಎ-16 ಆಗಲಿ, ನಿಮ್ಮ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಯಿಂದ ಲಿಖಿತ ಉತ್ತರ ಪಡೆದು, ವಾರಂಟಿಯ ಷರತ್ತುಗಳನ್ನು ಓದಿಕೊಂಡ ನಂತರವೇ ಮುಂದುವರಿಯಿರಿ.

ಹಂತ 1: ಅಳತೆ

ಅಳೆಯಬೇಕಾದದ್ದು ನೆಲದಿಂದಲ್ಲ, ಚಕ್ರದ ನಡುಮಧ್ಯದಿಂದ ನೇರ ಮೇಲೆ ಮಡ್‌ಗಾರ್ಡಿನ ಕಮಾನಿನ ಅಂಚಿನವರೆಗೆ. ನೆಲದಿಂದ ಅಳೆದರೆ ಟೈರಿನ ಸವೆತ, ಗಾಳಿಯ ಒತ್ತಡ, ನೆಲದ ತಗ್ಗು ದಿಣ್ಣೆ ಎಲ್ಲವೂ ಲೆಕ್ಕದೊಳಗೆ ನುಸುಳುತ್ತವೆ.

ಅಳೆಯುವಾಗ ಡೀಸೆಲ್ ಟ್ಯಾಂಕ್ ತುಂಬಿರಲಿ, ತೊಟ್ಟಿ ಖಾಲಿಯಿರಲಿ, ನಾಲ್ಕೂ ಟೈರುಗಳಲ್ಲಿ ತಯಾರಕರು ಹೇಳಿದಷ್ಟು ಗಾಳಿಯಿರಲಿ. ತೊಟ್ಟಿಯಲ್ಲಿ ಸದಾ ಉಪಕರಣದ ಪೆಟ್ಟಿಗೆ ಇಡುವವರು ಅದನ್ನು ಇಳಿಸಬೇಕಾಗಿಲ್ಲ, ಏಕೆಂದರೆ ಆ ಭಾರ ನಿಮ್ಮ ವಾಹನದ ಭಾಗವೇ ಆಗಿದೆ. ಮುಂದಿನ ಬಂಪರನ್ನು ಮೂರು ನಾಲ್ಕು ಬಾರಿ ಅದುಮಿ ಬಿಟ್ಟು, ವಾಹನವನ್ನು ಹತ್ತಡಿ ಮುಂದಕ್ಕೆ ಉರುಳಿಸಿ ನಿಲ್ಲಿಸಿದ ಮೇಲೆ ಅಳೆಯಿರಿ.

ಹಳ್ಳಿಗಳಲ್ಲಿ ಸಮತಟ್ಟಾದ ಜಾಗವೆಂದರೆ ಅಡಿಕೆ ಅಥವಾ ಮೆಕ್ಕೆಜೋಳ ಒಣಗಿಸುವ ಕಾಂಕ್ರೀಟ್ ಕಣವೇ ನೆನಪಾಗುತ್ತದೆ. ಆದರೆ ಮಳೆನೀರು ಹರಿದು ಹೋಗಲೆಂದು ಕಣವನ್ನು ಸಾಮಾನ್ಯವಾಗಿ ಒಂದು ಮಗ್ಗುಲಿಗೆ ಇಳಿಜಾರಾಗಿಯೇ ಕಟ್ಟಿರುತ್ತಾರೆ. ಗಾರೆ ಕೆಲಸದವರ ನೀರಿನ ಪೈಪಿನಿಂದ ಮಟ್ಟ ನೋಡಿಕೊಳ್ಳಿ. ಅದಿಲ್ಲದಿದ್ದರೆ ಒಮ್ಮೆ ಅಳೆದು, ವಾಹನವನ್ನು ಅದೇ ಜಾಗದಲ್ಲಿ ಹಿಂದುಮುಂದಾಗಿ ನಿಲ್ಲಿಸಿ ಮತ್ತೊಮ್ಮೆ ಅಳೆದು, ಎರಡರ ಸರಾಸರಿಯನ್ನು ಬರೆದಿಟ್ಟುಕೊಳ್ಳಿ. ನಾಲ್ಕು ಮೂಲೆಯ ಈ ನಾಲ್ಕು ಸಂಖ್ಯೆಗಳು ಕೆಲಸ ಮುಗಿಯುವ ತನಕ ಕೈಯಲ್ಲಿರಬೇಕು.

ಅದೇ ಹೊತ್ತಿನಲ್ಲಿ ಹೆಡ್‌ಲೈಟಿನ ಗುರುತನ್ನೂ ಮಾಡಿಕೊಳ್ಳಿ. ಗೋಡೆಗೆ ಎದುರಾಗಿ ಸುಮಾರು 5 ಮೀಟರ್ ದೂರದಲ್ಲಿ ವಾಹನ ನಿಲ್ಲಿಸಿ, ಸಂಜೆ ಡಿಮ್ ಬೆಳಕು ಹಾಕಿ, ದೀಪದ ನಡುಮಧ್ಯದ ಎತ್ತರವನ್ನೂ ಗೋಡೆಯ ಮೇಲೆ ಬೆಳಕು ಕತ್ತರಿಸುವ ಗೆರೆಯ ಎತ್ತರವನ್ನೂ ಸೀಮೆಸುಣ್ಣದಲ್ಲಿ ಬರೆಯಿರಿ. ಇದನ್ನು ಬಿಟ್ಟವರು ಕೊನೆಗೆ ಅಂದಾಜಿನ ಮೇಲೆ ದೀಪ ತಿರುಗಿಸಬೇಕಾಗುತ್ತದೆ.

ಹಂತ 2: ಎಷ್ಟು ಎತ್ತರಿಸಬೇಕೆಂಬ ತೀರ್ಮಾನ

ಮುಂದೆ ಸರಾಸರಿ 505 ಮಿ.ಮೀ., ಹಿಂದೆ 560 ಮಿ.ಮೀ. ಬಂದಿತೆಂದು ಇಟ್ಟುಕೊಳ್ಳೋಣ. ವ್ಯತ್ಯಾಸ 55 ಮಿ.ಮೀ. ಪೂರ್ತಿ 55 ಮಿ.ಮೀ. ಎತ್ತರಿಸಬೇಕೆಂಬ ಆಸೆ ಇಲ್ಲಿಯೇ ಹುಟ್ಟುತ್ತದೆ, ಮತ್ತು ಅದನ್ನು ಇಲ್ಲಿಯೇ ತಡೆಯಬೇಕು.

ಸುಗ್ಗಿಯಲ್ಲಿ ಮೆಕ್ಕೆಜೋಳದ ಚೀಲಗಳನ್ನು ದಾವಣಗೆರೆಯ ಎಪಿಎಂಸಿಗೆ ಒಯ್ಯುವ ಅಥವಾ ಚನ್ನಗಿರಿಯಿಂದ ಅಡಿಕೆ ತುಂಬಿ ತರುವ ವಾಹನದಲ್ಲಿ ಹಿಂಭಾಗ ಕುಗ್ಗಿದೊಡನೆ ಮೂತಿ ಆಕಾಶ ನೋಡತೊಡಗುತ್ತದೆ. ಆಗ ಸ್ಟೇರಿಂಗ್ ಹಗುರಾಗುತ್ತದೆ, ಎದುರಿನಿಂದ ಬರುವವರ ಕಣ್ಣಿಗೆ ದೀಪ ಹೊಡೆಯುತ್ತದೆ. ತಿಂಗಳಿಗೆ ನಾಲ್ಕು ಸಲವಾದರೂ ಭಾರ ಹೊರುವ ವಾಹನವಾದರೆ ವ್ಯತ್ಯಾಸದ ಅರ್ಧದಷ್ಟನ್ನು ಮಾತ್ರ ತುಂಬಿ, ಉಳಿದದ್ದನ್ನು ಹಾಗೆಯೇ ಬಿಡಿ ಎಂಬುದು ನನ್ನ ಸಲಹೆ. ಖಾಲಿಯಾಗಿಯೇ ಓಡಾಡುವ ವಾಹನಕ್ಕೂ ಮುಂಭಾಗ 10ರಿಂದ 15 ಮಿ.ಮೀ. ತಗ್ಗಿರುವುದೇ ಮೇಲು. ಚಕ್ರದ ಬಳಿ 50 ಮಿ.ಮೀ. ದಾಟುವ ಮಾತಂತೂ ಬೇಡ. ಅಲ್ಲಿಂದಾಚೆಗೆ ನಾಲ್ಕು ಚಕ್ರ ಚಾಲನೆಯ ವಾಹನಗಳ ಮುಂದಿನ ಆಕ್ಸಲ್‌ಗಳು ತೀರ ಓರೆಯಾಗುತ್ತವೆ, ಚಕ್ರವನ್ನು ಚಾಸಿಗೆ ಸೇರಿಸುವ ಎರಡು ತೋಳುಗಳಲ್ಲಿ ಮೇಲಿನದರ (ಮೇಲ್ತೋಳಿನ) ತುದಿಯ ಗುಂಡುಕೀಲು, ಅಂದರೆ ಬಾಲ್ ಜಾಯಿಂಟ್, ತನ್ನ ಮಿತಿಯ ಹತ್ತಿರ ಕೆಲಸ ಮಾಡಬೇಕಾಗುತ್ತದೆ.

ಈಗ ಎಲ್ಲರೂ ಎಡವುವ ಲೆಕ್ಕಕ್ಕೆ ಬರೋಣ. ತಟ್ಟೆಯನ್ನು 20 ಮಿ.ಮೀ. ಏರಿಸಿದರೆ ವಾಹನ 20 ಮಿ.ಮೀ. ಏರುವುದಿಲ್ಲ, ಅದಕ್ಕಿಂತ ಹೆಚ್ಚು ಏರುತ್ತದೆ. ಶಾಕಿನ ಕೆಳತುದಿ ಚಕ್ರದ ಬಳಿ ಇರದೆ ಕೆಳತೋಳಿನ ನಡುವೆಲ್ಲೋ ಇರುವುದರಿಂದ, ಆ ತೋಳು ಮೀಟುಗೋಲಿನಂತೆ ಕೆಲಸ ಮಾಡುತ್ತದೆ. ವಾಹನದ ಕೆಳಗೆ ಮಲಗಿ, ತೋಳು ಚಾಸಿಗೆ ಸೇರುವ ಬೋಲ್ಟಿನಿಂದ ಶಾಕ್ ಬೋಲ್ಟಿನವರೆಗೆ ಒಂದು ಅಳತೆ, ಅದೇ ಬೋಲ್ಟಿನಿಂದ ಬಾಲ್ ಜಾಯಿಂಟಿನವರೆಗೆ ಇನ್ನೊಂದು ಅಳತೆ ತೆಗೆದುಕೊಳ್ಳಿ. ಮೊದಲನೆಯದು 240, ಎರಡನೆಯದು 400 ಮಿ.ಮೀ. ಆದರೆ ಅನುಪಾತ 0.6. ಆಗ ಚಕ್ರದ ಬಳಿ 30 ಮಿ.ಮೀ. ಬೇಕೆಂದರೆ ತಟ್ಟೆಯನ್ನು ಏರಿಸಬೇಕಾದದ್ದು ಸುಮಾರು 18 ಮಿ.ಮೀ. ಮಾತ್ರ. ಶಾಕ್ ಓರೆಯಾಗಿ ನಿಂತಿರುವುದರಿಂದ ಚಕ್ರದ ಬಳಿ ಇನ್ನೂ ತುಸು ಹೆಚ್ಚೇ ಏರುತ್ತದೆ. ಹಾಗಾಗಿ ಎರಡು ಕಚ್ಚುಗಳ ನಡುವೆ ಅನುಮಾನ ಬಂದರೆ ಕೆಳಗಿನದನ್ನೇ ಆರಿಸಿ.

ಮೊದಲ ಬಾರಿ ನಾನೇ ಈ ಲೆಕ್ಕ ತಿಳಿಯದೆ ಬೇಕಾದಷ್ಟು ಮಿಲಿಮೀಟರನ್ನು ನೇರವಾಗಿ ತಟ್ಟೆಗೆ ಕೊಟ್ಟು, ಹಿಂಭಾಗಕ್ಕಿಂತ ಎತ್ತರವಾದ ಮುಂಭಾಗವನ್ನು ನೋಡುತ್ತಾ ನಿಂತಿದ್ದೆ. ಎರಡೂ ಬದಿಯನ್ನು ಮತ್ತೆ ಬಿಚ್ಚಬೇಕಾಯಿತು. ಶಾಕ್ ಜೊತೆ ಬರುವ ಕೋಷ್ಟಕದಲ್ಲಿ ಬರೆದಿರುವ ಎತ್ತರ ಚಕ್ರದ ಬಳಿಯದೋ ತಟ್ಟೆಯದೋ ಎಂಬುದನ್ನು ಮೊದಲು ಓದಿ. ಕೋಷ್ಟಕ ಚಕ್ರದ ಬಳಿಯ ಎತ್ತರವನ್ನೇ ಹೇಳಿದ್ದರೆ ಮತ್ತೆ ಅನುಪಾತದಿಂದ ಗುಣಿಸಬಾರದು.

ಎತ್ತರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆಂಬ ನಂಬಿಕೆಯೂ ಇದೆ. ವಾಹನದ ತೂಕ ಬದಲಾಗದ ಕಾರಣ, ನಿಂತಾಗ ಅದೇ ಸ್ಪ್ರಿಂಗ್ ಮೊದಲಿನಷ್ಟೇ ಕುಗ್ಗಿರುತ್ತದೆ. ಬದಲಾಗುವುದು ಚಕ್ರ ಕೆಳಕ್ಕೆ ಇಳಿಯಲು ಉಳಿಯುವ ಅವಕಾಶ. ಹಂಪ್ ದಾಟಿದ ಮೇಲೆ ‘ದಡ್’ ಎಂಬ ಸದ್ದು ಬರುವುದು ಈ ಅವಕಾಶ ಮುಗಿದು ಶಾಕ್ ತನ್ನ ಪೂರ್ತಿ ಉದ್ದಕ್ಕೆ ಎಳೆದುಕೊಂಡಾಗ. ಹೀಗಾಗಿ ಶಾಕಿನ ಎತ್ತರದ ಜೊತೆಗೆ ಮೇಲ್ಗಡೆ ಸ್ಪೇಸರ್ ಬಿಲ್ಲೆಯನ್ನೂ ಸೇರಿಸುವ ಯೋಚನೆಯನ್ನು ಕೈಬಿಡಿ.

ಹಂತ 3: ಉಪಕರಣಗಳು

ಟ್ರಾಲಿ ಜಾಕ್, ವಾಹನದ ತೂಕ ತಾಳುವ ಎರಡು ಜಾಕ್ ಸ್ಟ್ಯಾಂಡ್‌ಗಳು, ಹಿಂದಿನ ಚಕ್ರಗಳಿಗೆ ಮರದ ತಡೆಗಳು, ಸಾಕೆಟ್ ಸೆಟ್ಟು, ಟಾರ್ಕ್ ರೆಂಚ್, ಬಾಲ್ ಜಾಯಿಂಟ್ ಎಳೆಯುವ ಪುಲ್ಲರ್, ಉದ್ದನೆಯ ಮೀಟುಗೋಲು, ತುಕ್ಕು ಬಿಡಿಸುವ ಎಣ್ಣೆ, ಬಣ್ಣದ ಮಾರ್ಕರ್, ಗಟ್ಟಿ ತಂತಿ ಇಷ್ಟು ಬೇಕು. ಹೊಸ ಸ್ಪ್ಲಿಟ್ ಪಿನ್‌ಗಳನ್ನೂ ಹೊಸ ಲಾಕ್ ನಟ್‌ಗಳನ್ನೂ ಮೊದಲೇ ತಂದಿಟ್ಟುಕೊಳ್ಳಿ. ಬೋಲ್ಟುಗಳನ್ನು ಎಷ್ಟು ಬಿಗಿಯಬೇಕೆಂಬ ಸಂಖ್ಯೆಗಳನ್ನು ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. ಒಂದು ವಾಹನದ ಸಂಖ್ಯೆ ಇನ್ನೊಂದಕ್ಕೆ ಸಲ್ಲದು.

ಸ್ಪ್ರಿಂಗ್ ಅದುಮುವ ಉಪಕರಣದ ಬಗ್ಗೆ ನನ್ನ ಮಾತು ಖಂಡಿತವಾದದ್ದು. ಎರಡು ಕೊಕ್ಕೆಗಳ ಅಗ್ಗದ ಕಂಪ್ರೆಸರನ್ನು ಪಿಕಪ್ಪಿನ ದಪ್ಪ ಸ್ಪ್ರಿಂಗಿಗೆ ಬಳಸಬೇಡಿ. ಕೊಕ್ಕೆ ಜಾರಿದರೆ ಸ್ಪ್ರಿಂಗ್ ಮುಖಕ್ಕೋ ಎದೆಗೋ ಬಡಿಯುತ್ತದೆ. ಜೋಡಣೆಯನ್ನು ನೀವೇ ವಾಹನದಿಂದ ಇಳಿಸಿ, ಗೋಡೆಗೋ ನೆಲಕ್ಕೋ ಬಿಗಿದ ಸ್ಪ್ರಿಂಗ್ ಪ್ರೆಸ್ ಇರುವ ಗ್ಯಾರೇಜಿಗೆ ಒಯ್ದು ಹಂತ 5ನ್ನು ಅಲ್ಲಿಯೇ ಮಾಡಿಸಿ, ಮರಳಿ ತಂದು ಕೂರಿಸುವುದು ಬುದ್ಧಿವಂತಿಕೆ.

ಹಂತ 4: ಬಿಚ್ಚುವುದು

ಚಕ್ರದ ನಟ್‌ಗಳನ್ನು ವಾಹನ ನೆಲದ ಮೇಲಿರುವಾಗಲೇ ಸಡಿಲಿಸಿ. ನಂತರ ಮುಂಭಾಗವನ್ನು ಎತ್ತಿ, ಸ್ಟ್ಯಾಂಡ್‌ಗಳನ್ನು ಚಾಸಿಯ ಉದ್ದ ಹಳಿಗಳ ಕೆಳಗೆ ಇಡಿ. ಕೆಳತೋಳಿನ ಕೆಳಗೆ ಇಟ್ಟರೆ ಚಕ್ರ ಕೆಳಗಿಳಿಯುವುದೇ ಇಲ್ಲ. ಎರೆಮಣ್ಣಿನ ಅಂಗಳದಲ್ಲಿ ಈ ಕೆಲಸ ಮಾಡುವಂತಿಲ್ಲ. ಒಣಗಿದಾಗ ಕಲ್ಲಿನಂತೆ ಕಾಣುವ ಆ ನೆಲ ಸ್ಟ್ಯಾಂಡಿನ ನಾಲ್ಕು ಕಾಲುಗಳ ಭಾರಕ್ಕೆ ಒಂದೊಂದು ಕಡೆ ಒಂದೊಂದು ರೀತಿ ಕುಸಿಯುತ್ತದೆ.

ತಿರುವಿನಲ್ಲಿ ವಾಹನ ವಾಲುವುದನ್ನು ತಡೆಯುವ ಸ್ಟೆಬಿಲೈಸರ್ ಬಾರಿನ ಲಿಂಕ್‌ಗಳನ್ನು ಎರಡೂ ಬದಿಯಲ್ಲಿ ಒಟ್ಟಿಗೆ ಬಿಚ್ಚಬೇಕು. ಒಂದೇ ಬದಿ ಬಿಚ್ಚಿದರೆ ಇನ್ನೊಂದು ಬದಿಯ ಒತ್ತಡದಿಂದ ತೋಳು ಕೆಳಗಿಳಿಯದೆ ಸತಾಯಿಸುತ್ತದೆ. ಆಮೇಲೆ ಬ್ರೇಕ್ ಹೋಸ್ ಮತ್ತು ಎಬಿಎಸ್ ತಂತಿಯ ಹಿಡಿಕೆಗಳನ್ನು, ಚಕ್ರದ ಹಬ್ಬನ್ನು ಹೊರುವ ಲೋಹದ ತುಂಡಾದ ನಕಲ್‌ನಿಂದ ಬಿಡಿಸಿ. ಮೇಲಿನ ಬಾಲ್ ಜಾಯಿಂಟಿನ ನಟ್ಟನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಉಳಿಸಿ, ಪುಲ್ಲರ್‌ನಿಂದ ಜಾಯಿಂಟನ್ನು ಬಿಡಿಸಿ. ಬೋಲ್ಟಿನ ತುದಿಗೆ ಸುತ್ತಿಗೆಯಿಂದ ಹೊಡೆದರೆ ಮರೆ ಹಾಳಾಗುತ್ತದೆ. ಜಾಯಿಂಟ್ ಬಿಟ್ಟುಕೊಂಡ ಕ್ಷಣವೇ ನಕಲನ್ನು ತಂತಿಯಿಂದ ಮೇಲಕ್ಕೆ ಕಟ್ಟಿ. ಅದು ಹೊರಕ್ಕೆ ವಾಲಿ ಬಿದ್ದರೆ ಬ್ರೇಕ್ ಹೋಸ್ ಎಳೆದುಕೊಳ್ಳುತ್ತದೆ, ನಾಲ್ಕು ಚಕ್ರ ಚಾಲನೆಯ ವಾಹನದಲ್ಲಿ ಆಕ್ಸಲಿನ ಒಳಗಿನ ಜಾಯಿಂಟ್ ಕಳಚಿಕೊಳ್ಳುತ್ತದೆ.

ಇನ್ನು ಉಳಿಯುವುದು ಶಾಕಿನ ಕೆಳಗಿನ ದೊಡ್ಡ ಬೋಲ್ಟು ಮತ್ತು ಮೇಲ್ಗಡೆಯ ಸಣ್ಣ ನಟ್‌ಗಳು. ಮೇಲ್ಗಡೆ ನಡುವೆ ಇರುವ ದೊಡ್ಡ ನಟ್ಟನ್ನು ಈ ಹಂತದಲ್ಲಿ ಮುಟ್ಟಕೂಡದು. ಅದುಮಿದ ಸ್ಪ್ರಿಂಗನ್ನು ಹಿಡಿದಿಟ್ಟಿರುವುದು ಅದೊಂದೇ ನಟ್ಟು.

ಹಂತ 5: ಸ್ಪ್ರಿಂಗನ್ನು ಹೊಸ ಶಾಕಿಗೆ ವರ್ಗಾಯಿಸುವುದು

1. ಹಳೆಯ ಜೋಡಣೆಯಲ್ಲಿ ಮೇಲಿನ ಮೌಂಟು, ಸ್ಪ್ರಿಂಗು, ಕೆಳಗಿನ ಕಣ್ಣು ಈ ಮೂರರ ಪರಸ್ಪರ ದಿಕ್ಕನ್ನು ಮಾರ್ಕರ್‌ನಿಂದ ಗೆರೆ ಎಳೆದು ಗುರುತಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ಎಡ ಮತ್ತು ಬಲ ಎಂದು ಬರೆಯಿರಿ. ಕೆಲವು ವಾಹನಗಳಲ್ಲಿ ಎರಡೂ ಬದಿಯ ಸ್ಪ್ರಿಂಗ್‌ಗಳು ಒಂದೇ ಉದ್ದವಿರುವುದಿಲ್ಲ.

2. ಸ್ಪ್ರಿಂಗ್ ತನ್ನ ತಟ್ಟೆಯಲ್ಲಿ ಕೈಯಿಂದ ಅಲ್ಲಾಡಿಸುವಷ್ಟು ಸಡಿಲವಾಗುವವರೆಗೆ ಅದುಮಿದ ನಂತರವೇ ನಡುವಿನ ನಟ್ಟು ಬಿಚ್ಚಿ.

3. ಹೊಸ ಶಾಕಿನಲ್ಲಿ ಲೆಕ್ಕ ಹಾಕಿದ ಕಚ್ಚಿಗೆ ಸರ್ಕ್ಲಿಪ್ ಹಾಕಿ, ಅದು ಸುತ್ತಲೂ ಕಚ್ಚಿನೊಳಗೆ ಪೂರ್ತಿ ಇಳಿದಿದೆಯೇ ಎಂದು ಉಗುರಿನಿಂದ ತಡವಿ ನೋಡಿ. ಒಂದು ಕಡೆ ಎದ್ದು ಕುಳಿತ ಸರ್ಕ್ಲಿಪ್ ಮೊದಲ ದೊಡ್ಡ ಗುಂಡಿಯಲ್ಲೇ ಹಾರಿ, ತಟ್ಟೆ ಒಮ್ಮೆಲೇ ಕೆಳಗಿಳಿಯುತ್ತದೆ. ತಟ್ಟೆಯ ತಲೆಕೆಳಗು ನೋಡಿಕೊಳ್ಳಿ: ಸರ್ಕ್ಲಿಪ್ಪನ್ನು ಆವರಿಸುವ ಕೊರೆತ ಕೆಳಮುಖವಾಗಿರಬೇಕು.

4. ರಬ್ಬರ್ ಪ್ಯಾಡ್, ಬಂಪ್ ಸ್ಟಾಪ್ ಮತ್ತು ಧೂಳಿನ ಕವಚಗಳಲ್ಲಿ ಯಾವುದನ್ನು ಹಳೆಯದರಿಂದ ತೆಗೆದು ಹಾಕಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಶಾಕಿನ ಸೂಚನಾ ಹಾಳೆಯಲ್ಲಿ ನೋಡಿ. ಅನಿಲ ತುಂಬಿದ ಶಾಕಿನ ಕಂಬಿ ತಾನಾಗಿಯೇ ಹೊರಕ್ಕೆ ಬರುವುದು ಸಹಜ. ಹೊಳೆಯುವ ಕಂಬಿಯನ್ನು ಇಕ್ಕಳದಿಂದ ಹಿಡಿದರೆ ಬೀಳುವ ಗೀರು ತೈಲದ ಸೀಲನ್ನು ಕೊಯ್ಯುತ್ತದೆ. ತುದಿಯಲ್ಲಿ ಕೊಟ್ಟಿರುವ ಷಡ್ಭುಜದ ಜಾಗವನ್ನೇ ಹಿಡಿಯಿರಿ. ನಡುವಿನ ಹೊಸ ನಟ್ಟಿಗೆ ಗಾಳಿಯ ಗನ್ ಬಳಸುವುದನ್ನು ಗ್ಯಾರೇಜಿನವರಿಗೂ ಬೇಡವೆನ್ನಿ.

5. ಸ್ಪ್ರಿಂಗಿನ ತುದಿ ತಟ್ಟೆಯ ಮೆಟ್ಟಿಲಿಗೆ ತಾಗಿ ಕುಳಿತಿದೆಯೆಂದು ಖಾತ್ರಿಯಾದ ಮೇಲೆ ಪ್ರೆಸ್ಸನ್ನು ನಿಧಾನವಾಗಿ ಬಿಡಿಸಿ, ಹಳೆಯ ಗೆರೆಗಳೊಂದಿಗೆ ದಿಕ್ಕನ್ನು ಹೋಲಿಸಿ.

ಹಂತ 6: ಮರಳಿ ಕೂರಿಸುವುದು

ಬಿಚ್ಚಿದ ಕ್ರಮಕ್ಕೆ ತಿರುಗುಮುರುಗಾಗಿ ಕೂರಿಸಬೇಕು. ಹೊಸ ಶಾಕಿನಿಂದಾಗಿ ಜೋಡಣೆ ಮೊದಲಿಗಿಂತ ಉದ್ದವಿರಬಹುದು, ಆದ್ದರಿಂದ ಕೆಳತೋಳನ್ನು ಮೀಟುಗೋಲಿನಿಂದ ಅದುಮಲು ಇನ್ನೊಬ್ಬರು ಜೊತೆಗಿರಲಿ. ಬಾಲ್ ಜಾಯಿಂಟಿನ ನಟ್ಟನ್ನು ನಿಗದಿತ ಬಿಗಿತಕ್ಕೆ ತಂದಾಗ ಪಿನ್ನಿನ ರಂಧ್ರ ಹೊಂದದಿದ್ದರೆ ಮುಂದಿನ ರಂಧ್ರಕ್ಕೆ ಬಿಗಿಯಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು.

ಶಾಕಿನ ಕೆಳಗಿನ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗ ಕೈಬಿಗಿಯಷ್ಟೇ ಮಾಡಿ ಬಿಡಿ; ಅಲೈನ್‌ಮೆಂಟಿಗಾಗಿ ಕೆಳತೋಳಿನ ಬೋಲ್ಟುಗಳನ್ನು ಸಡಿಲಿಸಿದರೆ ಅವಕ್ಕೂ ಇದೇ ನಿಯಮ. ಕೊನೆಯ ಬಿಗಿತವನ್ನು ವಾಹನದ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಕೊಡಬೇಕು. ಒಳಗಿನ ರಬ್ಬರ್ ಬುಷ್ ಬಿಗಿದ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ನೇತಾಡುವಾಗ ಬಿಗಿದರೆ ವಾಹನ ಇಳಿದ ಮೇಲೆ ಅದು ಸದಾ ತಿರುಚಿಕೊಂಡೇ ಇದ್ದು, ಕೆಲವು ವಾರ ಸುಳ್ಳು ಎತ್ತರ ತೋರಿಸಿ ಆಮೇಲೆ ಹರಿಯುತ್ತದೆ. ‘ಮೊದಲು ಸರಿಯಾಗಿತ್ತು, ಆಮೇಲೆ ಒಂದು ಬದಿ ಇಳಿಯಿತು’ ಎಂಬ ದೂರು ಬಂದಾಗ ನಾನು ಮೊದಲು ನೋಡುವುದು ಈ ಬುಷ್‌ಗಳನ್ನೇ.

ಚಕ್ರ ಹಾಕುವ ಮುನ್ನ ಸ್ಟೇರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಬ್ರೇಕ್ ಹೋಸ್ ಮತ್ತು ಎಬಿಎಸ್ ತಂತಿ ಎಲ್ಲಿಯೂ ಬಿಗಿಯಾಗಿ ಎಳೆದುಕೊಂಡಿಲ್ಲವೆಂದೂ, ಮೇಲ್ತೋಳು ಸ್ಪ್ರಿಂಗಿಗೆ ತಾಗುತ್ತಿಲ್ಲವೆಂದೂ ಕಣ್ಣಾರೆ ನೋಡಿ.

ಹಂತ 7: ಮರು ಅಳತೆ, ಅಲೈನ್‌ಮೆಂಟ್, ದೀಪ

ಹತ್ತು ಹದಿನೈದು ಕಿಲೋಮೀಟರ್ ನಿಧಾನವಾಗಿ ಓಡಿಸಿ, ಹಂತ 1ರ ಜಾಗದಲ್ಲೇ, ಅಷ್ಟೇ ಡೀಸೆಲ್ ಇರುವಾಗ ಮತ್ತೆ ಅಳೆಯಿರಿ. ಎಡ ಬಲಗಳ ನಡುವೆ 5 ಮಿ.ಮೀ. ವ್ಯತ್ಯಾಸ ಕಂಡರೆ ಚಿಂತೆ ಬೇಡ. ಅದಕ್ಕಿಂತ ತುಂಬ ಹೆಚ್ಚಿದ್ದರೆ ಸರ್ಕ್ಲಿಪ್ ಬೇರೆ ಬೇರೆ ಕಚ್ಚಿಗೆ ಕುಳಿತಿರಬಹುದು ಅಥವಾ ಎಡದ ಸ್ಪ್ರಿಂಗ್ ಬಲಕ್ಕೆ ಹೋಗಿರಬಹುದು.

ಅದೇ ದಿನ ವೀಲ್ ಅಲೈನ್‌ಮೆಂಟ್ ಮಾಡಿಸಿ. ಮುಂಭಾಗ ಏರಿದಾಗ ಚಕ್ರದ ಮೇಲ್ತುದಿ ಸಾಮಾನ್ಯವಾಗಿ ಹೊರಕ್ಕೆ ವಾಲುತ್ತದೆ (ಈ ವಾಲುವಿಕೆಯೇ ಕ್ಯಾಂಬರ್), ಕ್ಯಾಸ್ಟರ್ (ಸ್ಟೇರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ, ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಕೂಡ ತಪ್ಪುತ್ತದೆ. ಟೋ ಮಾತ್ರ ಸರಿಮಾಡಿ ಕಳುಹಿಸುವ ಅಂಗಡಿಯಿಂದ ಪ್ರಯೋಜನವಿಲ್ಲ. ಕೆಳತೋಳನ್ನು ತುಸು ಸರಿಸುವ ಕ್ಯಾಮ್ ಬೋಲ್ಟು ಅಥವಾ ಮೇಲ್ತೋಳಿನ ತೆಳು ಬಿಲ್ಲೆಗಳಾದ ಶಿಮ್‌ಗಳಿಂದ ಕ್ಯಾಂಬರ್ ಮತ್ತು ಕ್ಯಾಸ್ಟರ್ ಎರಡನ್ನೂ ತಂದುಕೊಡುವವರನ್ನು ಹುಡುಕಿ, ಮುಂಚಿನ ಮತ್ತು ನಂತರದ ಸಂಖ್ಯೆಗಳಿರುವ ಚೀಟಿಯನ್ನು ಕೇಳಿ ಪಡೆಯಿರಿ. ಕ್ಯಾಮ್ ಬೋಲ್ಟು ಕೊನೆಗೆ ಮುಟ್ಟಿದರೂ ಕ್ಯಾಸ್ಟರ್ ಮಿತಿಯೊಳಗೆ ಬರುತ್ತಿಲ್ಲವೆಂದರೆ ತಟ್ಟೆಯನ್ನು ಒಂದು ಕಚ್ಚು ಕೆಳಗಿಳಿಸುವುದೇ ಅಗ್ಗದ ಪರಿಹಾರ.

ದೀಪಕ್ಕೆ ಮರಳಿ ಅದೇ ಗೋಡೆಯ ಮುಂದೆ ಬನ್ನಿ. ಹಳೆಯ ಗೆರೆಗೇ ಬೆಳಕನ್ನು ತರುವುದು ತಪ್ಪು, ಏಕೆಂದರೆ ದೀಪವೂ ಮೇಲೇರಿದೆ. ದೀಪದ ನಡುಮಧ್ಯಕ್ಕೂ ಬೆಳಕಿನ ಗೆರೆಗೂ ಮೊದಲು ಎಷ್ಟು ಅಂತರವಿತ್ತೋ ಅಷ್ಟೇ ಅಂತರ ಈಗಲೂ ಇರುವಂತೆ ಸ್ಕ್ರೂ ತಿರುಗಿಸಿ.

ಮುಂದಿನ 500 ಕಿಲೋಮೀಟರಿನ ಎಚ್ಚರಿಕೆಯ ಗುರುತುಗಳು

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಬಂದರೆ ಸುಮಾರು 120 ಕಿ.ಮೀ. ಆಗುತ್ತದೆ, ಪರೀಕ್ಷೆಗೆ ಅದು ಒಳ್ಳೆಯ ದಾರಿ, ಸರ್ವಿಸ್ ರಸ್ತೆಗೆ ಇಳಿದರೆ ಹಂಪ್‌ಗಳೂ ಸಿಗುತ್ತವೆ. ನೇರ ರಸ್ತೆಯಲ್ಲಿ ವಾಹನ ಅತ್ತಿತ್ತ ಅಲೆಯುತ್ತಿದ್ದರೆ, ತಿರುವಿನ ನಂತರ ಸ್ಟೇರಿಂಗ್ ತಾನಾಗಿ ಮರಳಲು ಸೋಮಾರಿತನ ತೋರಿದರೆ ಕ್ಯಾಸ್ಟರ್ ಸಾಲದೆಂದು ತಿಳಿಯಿರಿ. ಹಂಪ್ ಇಳಿದಾಗಲೆಲ್ಲ ‘ದಡ್’ ಎಂದರೆ ಎತ್ತರ ಹೆಚ್ಚಾಗಿದೆ. ಕಡಿಮೆ ವೇಗದಲ್ಲಿ ಸ್ಟೇರಿಂಗ್ ತಿರುಗಿಸುವಾಗ ‘ಟಣ್’ ಎಂಬ ಸದ್ದು ಬಂದರೆ ಸ್ಪ್ರಿಂಗಿನ ತುದಿ ಮೆಟ್ಟಿಲಿನಲ್ಲಿ ಕುಳಿತಿಲ್ಲ.

ಮನೆಗೆ ಬಂದ ಮೇಲೆ ಮುಂದಿನ ರಿಮ್ಮುಗಳ ಒಳಮೈಯನ್ನು ಕೈಯಿಂದ ಒರೆಸಿ ನೋಡಿ. ಅಲ್ಲಿ ಗ್ರೀಸಿನ ಚಿಮುಕುಗಳಿದ್ದರೆ ಆಕ್ಸಲ್ ಬೂಟು ಬಿರಿದಿದೆ. ಆ ಸೀಳಿನಲ್ಲಿ ನಮ್ಮ ಕಡೆಯ ಧೂಳು ಸೇರಿದರೆ ಜಾಯಿಂಟ್ ಬೇಗನೆ ಹಾಳಾಗುವುದರಿಂದ ವಾಹನವನ್ನು ಅಲ್ಲಿಯೇ ನಿಲ್ಲಿಸಿ. ಕಂಬಿಯ ಮೇಲೆ ತೆಳು ತೇವ ಕಂಡರೆ ಅಡ್ಡಿಯಿಲ್ಲ, ತೈಲ ಕೊಳವೆಯ ಮೇಲಿಂದ ಇಳಿದು ಮಣ್ಣು ಮೆತ್ತಿಕೊಂಡಿದ್ದರೆ ಸೀಲು ಹೋಗಿದೆ. 500 ಕಿ.ಮೀ. ಆದಾಗ ಬಿಚ್ಚಿದ ಪ್ರತಿಯೊಂದು ಬೋಲ್ಟಿಗೂ, ಚಕ್ರದ ನಟ್‌ಗಳಿಗೂ ಟಾರ್ಕ್ ರೆಂಚ್ ಹಾಕಿ ಮತ್ತೆ ಪರೀಕ್ಷಿಸಿ, ಟೈರಿನ ಹೊರ ಅಂಚನ್ನೂ ಒಳ ಅಂಚನ್ನೂ ಅಂಗೈಯಿಂದ ಸವರಿ ನೋಡಿ. ಒಂದು ಅಂಚು ಗರಗಸದ ಹಲ್ಲಿನಂತೆ ತಾಗಿದರೆ ಅಲೈನ್‌ಮೆಂಟ್ ಚೀಟಿ ಹಿಡಿದು ಅದೇ ಅಂಗಡಿಗೆ ಮರಳಿ ಹೋಗಬೇಕು.